ಒಳಗಿನ ಹೆಸರು

ಬ್ರಾಜಾವಿಲ್ಲಿನ ಬಾಕೊಂಗೊ ಪೇಟೆ, ಮರಳಿನ ಬೀದಿ.
ನನ್ನದೊಂದು ತಗಡಿನ ಸೂರು,
ಕಾಲಲ್ಲಿ ತುಳಿಯುವ ಮಿಷನ್ನು,
ಒಂದು ಬಿಸ್ಕತ್ತಿನ ಡಬ್ಬಿ.
ಡಬ್ಬಿಯಲ್ಲಿ ಬಿಸ್ಕತ್ತಿಲ್ಲ.
ಪ್ಯಾರಿಸ್ಸಿದೆ, ಮಿಲಾನಿದೆ,
ಹೆಬ್ಬೆರಳಗಲದ ಚೀಟಿಯ ಮೇಲೆ
ಮಿಂಚುದಾರದಲ್ಲಿ ನೇಯ್ದ ದೊಡ್ಡವರ ಹೆಸರಿದೆ.
ಸತ್ತ ಕೋಟುಗಳಿಂದ ಬಿಡಿಸಿದ್ದು ಕೆಲವು,
ಉಳಿದದ್ದು ನದಿಯಾಚೆಯಿಂದ ಮೂಟೆಯಲ್ಲಿ ಬಂದದ್ದು,
ನೂರಕ್ಕೆ ಇಷ್ಟು ಎಂದು, ಒಣಮೀನಿನ ಹಾಗೆ.
ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ ಸಾಕು,
ಹಮಾಲನೊಬ್ಬ ಧಣಿಯಾಗಲಿಕ್ಕೆ.

ಮಿಲಾಂದು ಬಂದದ್ದು ಕತ್ತಲಾದ ಮೇಲೆ.
ಬಂದರಿನಲ್ಲಿ ಸಿಮೆಂಟು ಹೊರುವವನು,
ರೆಪ್ಪೆಯ ಮೇಲೂ ಬೂದಿ ಬಣ್ಣ.
ಕಂಕುಳಲ್ಲಿ ಸುರುಳಿ ಸುತ್ತಿದ ಬಟ್ಟೆ:
ಮುಚ್ಚಿಹೋದ ಹೋಟೆಲಿನ ಪರದೆ,
ಮಾಗಿದ ನೇರಳೆ ಬಣ್ಣದ್ದು.
ಆ ಹೋಟೆಲಿನೊಳಗೆ ಅವನೂ ಹೋದವನಲ್ಲ, ನಾನೂ.
ಗಾಜಿನ ಈಚೆಯಿಂದ ಇಬ್ಬರೂ ಕಂಡಿದ್ದೆವು.
'ಕೋಟಾಗಬೇಕು. ಪ್ಯಾರಿಸ್ಸಿನಿಂದ ಭಾವ ಕಳಿಸಿದ ಕೋಟು.'
'ನಿನಗೆ ಭಾವ ಎಲ್ಲಿ?'
'ಕೋಟು ಬಂದರೆ ಭಾವನೂ ಬರುತ್ತಾನೆ.'

ಹನ್ನೊಂದು ರಾತ್ರಿ.
ಪರದೆಗೆ ಭುಜ ಕಲಿಸುವುದು ಸುಲಭವಲ್ಲ,
ತೂಗುತ್ತಲೇ ಬೆಳೆದ ಬಟ್ಟೆ, ಮೈಗೆ ಬಗ್ಗಿ ಗೊತ್ತಿಲ್ಲ.
ಕಾಲರಿನ ತಿರುವಿಗೆ ಉಸಿರು ಹಿಡಿದೆ,
ಒಂದೊಂದು ಕಾಜಕ್ಕೂ ಕಣ್ಣಿನಷ್ಟು ಬೆಳಕು ತೆತ್ತೆ.
ಇಷ್ಟು ಚೆಂದ ನಾನು ಹಿಂದೆ ಹೊಲಿದದ್ದಿಲ್ಲ, ಮುಂದೂ.
ಕೊನೆಗೆ ಎದೆಯ ಒಳಜೇಬಿನ ಮೇಲೆ
ಈ ಬಟ್ಟೆಯನ್ನು ಮುಟ್ಟಿಯೂ ನೋಡದ ಯಾರದೋ ಹೆಸರು.

ಭಾನುವಾರ. ಹೊರಟ.
ಮೈಮೇಲೆ ಮೂರೇ ಬಣ್ಣ, ನಾಲ್ಕನೆಯದು ಅಪಚಾರ.
ಬಾಯಲ್ಲಿ ಹೊತ್ತಿಸದ ಪೈಪು,
ಬೂಟು ನೆಲಕ್ಕೆ ತಾಗಿತೋ ಇಲ್ಲವೋ ಎಂಬ ನಡಿಗೆ.
ಮಕ್ಕಳು ಹಿಂದೆ ಹಿಂದೆ, ಬಿಯರಂಗಡಿ ಎದ್ದು ನಿಂತಿತು,
ಮಂತ್ರಿಯ ಕಾರೂ ಒಂದು ಗಳಿಗೆ ನಿಧಾನ.
ಆಗ ಅವನ ಎಡಗೈ,
ಗಾಳಿಗೆ ಸರಿಯಿತೆಂಬಂತೆ, ಕೋಟಿನಂಚನ್ನು
ಎರಡೇ ಬೆರಳಗಲ ತೆರೆಯಿತು.
ಗಾಳಿ ಇರಲಿಲ್ಲ.
ಓದು ಬಾರದವರೂ ಓದಿದರು.

ಬಾಡಿಗೆ ನಾಲ್ಕು ತಿಂಗಳು ಬಾಕಿ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಹೂವು ಎಂಬಂತೆ
ಕಿಟಕಿಯಿಂದ ನಕ್ಕವರುಂಟು.
ನಗಲಿ. ಹಿಟ್ಟು ಕಂಡು ಎದ್ದು ನಿಂತವರು ಯಾರು?
ಸೋಮವಾರ ಅದೇ ಬೆನ್ನಿಗೆ ಚೀಲ ಏರಿಸುವಾಗ
ಮೇಸ್ತ್ರಿ 'ಲೋ' ಅನ್ನುವುದನ್ನು ಬಿಟ್ಟಿದ್ದನಂತೆ.
ಕೂಲಿ ಮಾತ್ರ ಅಷ್ಟೇ.

ಎರಡು ವರ್ಷ ಕಳೆದು
ಅವನ ಎದೆಯೊಳಗೆ ಸಿಮೆಂಟು ಗಟ್ಟಿಯಾಯಿತು.
ಅಕ್ಕ ಕೋಟು ಹಿಡಿದು ಬಂದಳು:
'ಇದರಲ್ಲೇ ಮಣ್ಣು ಮಾಡುತ್ತೇವೆ. ಆದರೆ ಸೀಳಿ ಕೊಡು,
ಹೆಸರನ್ನೂ ಕಿತ್ತುಬಿಡು. ಪ್ಯಾರಿಸ್ಸಿನದು ಅಂತ
ಊರಿಗೇ ಗೊತ್ತು. ಕಳ್ಳರು ಗೋರಿ ಅಗೆಯುತ್ತಾರೆ.'

ಹೇಳಬಹುದಿತ್ತು: ಅಕ್ಕಾ, ಇದು ಪರದೆ,
ಇದಕ್ಕಾಗಿ ಯಾರೂ ಗುದ್ದಲಿ ಎತ್ತುವುದಿಲ್ಲ.
ಹೇಳಿದ್ದರೆ ನನ್ನ ಕೋಟು ಉಳಿಯುತ್ತಿತ್ತು,
ಮಣ್ಣಲ್ಲಾದರೂ ಇಡಿಯಾಗಿ.
ಅವನು ಉಳಿಯುತ್ತಿರಲಿಲ್ಲ.

ಬೆನ್ನಿಗೆ ಮೂರು, ತೋಳಿಗೆ ಎರಡೆರಡು.
ನನ್ನ ಕೈಯ ಹೊಲಿಗೆಗೆ ನನ್ನ ಕೈಯದೇ ಕತ್ತರಿ.
ಚೀಟಿ ಬಿಡಿಸಿದರೆ ಅದರಡಿಯಲ್ಲಿ
ಬೆವರು ತಾಗದ ಒಂದು ಚೂರು ಅಸ್ತರಿ,
ಮೊದಲ ದಿನದಷ್ಟು ಹೊಸತು.
ಅಲ್ಲಿ ನನ್ನ ಹೆಸರು ಬರೆಯಬಹುದಿತ್ತು.
ಬರೆಯಲು ಬರುವುದಿಲ್ಲ ನನಗೆ.

ಚೀಟಿ ಡಬ್ಬಿಗೆ ಹೋಯಿತು.
ನಿನ್ನೆ ಒಬ್ಬ ಹುಡುಗ, ಮೀಸೆ ಇನ್ನೂ ಮೂಡಿಲ್ಲ,
'ಮಿಲಾಂದುವಿನ ಹೆಸರು ಇದೆಯಾ?' ಎಂದ.
ರೇಟು ಹೇಳಿದೆ. ಜಾಸ್ತಿಯಾಯಿತು ಎಂದ.
ಚೌಕಾಸಿ ನಡೆದಿರುವಾಗಲೇ ಅವನ ಎಡಗೈ
ಹರಕು ಅಂಗಿಯ ಅಂಚನ್ನು
ಎರಡೇ ಬೆರಳಗಲ ತೆರೆಯುತ್ತಿತ್ತು,
ಇನ್ನೂ ಏನೂ ಇಲ್ಲದ ಕಡೆ.